ಒಂದೇ ಪಥ್ಯ, ಎರಡು ತೂಕ: ಗಂಡಸರಲ್ಲೂ ಹೆಂಗಸರಲ್ಲೂ ಮೈತೂಕ ಇಳಿಯುವ ಬಗೆ

2021ನೇ ಇಸವಿ ಆಗಸ್ಟ್ 5ರಂದು ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿ ಗ್ರಾಮದಲ್ಲಿ ತಮಿಳುನಾಡು ಸರ್ಕಾರದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ ಪ್ರಾರಂಭವಾಯಿತು. ಜನರನ್ನು ಹುಡುಕಿಕೊಂಡು ವೈದ್ಯವೇ ಮನೆ ಬಾಗಿಲಿಗೆ ಬರುವುದು ಎಂದು ಈ ಹೆಸರಿನ ಅರ್ಥ. ಅಲ್ಲಿಂದೀಚೆಗೆ ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ತಪಾಸಣೆ ಹಳ್ಳಿಗಳನ್ನು ಮುಟ್ಟಿದೆ. ತಪಾಸಣೆಯಾದ ಮೇಲೆ ನಲವತ್ತು ದಾಟಿದ ಅನೇಕ ದಂಪತಿಗಳಿಗೆ ಸಿಗುವ ಸಲಹೆ ಒಂದೇ: ತೂಕ ಸ್ವಲ್ಪ ಇಳಿಸಿಕೊಳ್ಳಿ.

ಗಂಡಹೆಂಡತಿ ಇಬ್ಬರೂ ಒಂದೇ ದಿನ ಪಥ್ಯ ಹಿಡಿಯುತ್ತಾರೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಗಂಡನ ಷರಟು ಸಡಿಲವಾಗುತ್ತದೆ, ಹೆಂಡತಿಯ ತೂಕ ಮಾತ್ರ ಇದ್ದಲ್ಲೇ ಇರುತ್ತದೆ. ಆಗ ಮನೆಯಲ್ಲಿ “ನೀನು ಅಡುಗೆ ಮನೆಯಲ್ಲಿ ಕದ್ದು ತಿನ್ನುತ್ತೀಯೆ” ಎಂಬ ತಮಾಷೆ ಏಳುತ್ತದೆ. ಆ ತಮಾಷೆ ಬಹಳ ದಿನ ತಮಾಷೆಯಾಗಿ ಉಳಿಯುವುದಿಲ್ಲ. ಆಕೆ ಒಂದೋ ಪಥ್ಯವನ್ನೇ ಕೈಬಿಡುತ್ತಾಳೆ, ಇಲ್ಲವೇ ರಾತ್ರಿ ಊಟ ಬಿಟ್ಟು ಬರೀ ಕಾಫಿಯಲ್ಲಿ ಮಲಗುತ್ತಾಳೆ. ಎರಡರಿಂದಲೂ ಹಾನಿಯೇ. ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ಬಾಯಿಚಪಲವೂ ಅಲ್ಲ, ಸೋಮಾರಿತನವೂ ಅಲ್ಲ. ಗಂಡಿನ ಮೈ ಮತ್ತು ಹೆಣ್ಣಿನ ಮೈ ಆಹಾರವನ್ನು ಖರ್ಚು ಮಾಡುವ ಲೆಕ್ಕವೇ ಬೇರೆ.

ತೂಕ ಬೇರೆ, ಇಳುವರಿ ಬೇರೆ

ಕಾರ್ಖಾನೆಯ ವೇಬ್ರಿಜ್ ಮೇಲೆ ಎರಡು ಲೋಡು ಕಬ್ಬು ಒಂದೇ ತೂಕ ತೂಗಬಹುದು. ಆದರೆ ಎರಡರಿಂದಲೂ ಒಂದೇ ಪ್ರಮಾಣದ ಸಕ್ಕರೆ ಬರುತ್ತದೆಂದು ಯಾವ ಸದಸ್ಯರೂ ನಂಬುವುದಿಲ್ಲ. ತಳಿ, ವಯಸ್ಸು, ನೀರು, ಗೊಬ್ಬರ ಇವುಗಳಿಂದ ಇಳುವರಿ ಬದಲಾಗುತ್ತದೆ. ಮನುಷ್ಯನ ದೇಹವೂ ಹಾಗೆಯೇ. 65 ಕಿಲೋ ತೂಗುವ ಗಂಡಸು ಮತ್ತು 65 ಕಿಲೋ ತೂಗುವ ಹೆಂಗಸು ತಕ್ಕಡಿಗೆ ಸಮಾನರು, ಒಳಗಿನ ಸರಕಿನಲ್ಲಿ ಸಮಾನರಲ್ಲ. ಆರೋಗ್ಯವಂತ ಗಂಡಸಿನ ತೂಕದಲ್ಲಿ ಕೊಬ್ಬಿನ ಪಾಲು ಸುಮಾರು ಶೇಕಡಾ 15ರಿಂದ 20. ಆರೋಗ್ಯವಂತ ಹೆಂಗಸಿನಲ್ಲಿ ಅದು ಸುಮಾರು ಶೇಕಡಾ 25ರಿಂದ 30. ಇದು ರೋಗವಲ್ಲ, ಹೆರಿಗೆ ಮತ್ತು ಮೊಲೆಯೂಡಿಸುವ ಕಾಲಕ್ಕೆಂದು ಪ್ರಕೃತಿ ಕಟ್ಟಿಟ್ಟ ಬುತ್ತಿ. ಗಂಡಸಿನಲ್ಲಿ ಆ ಜಾಗವನ್ನು ಮಾಂಸಖಂಡ ತುಂಬಿರುತ್ತದೆ.

ಈ ಮಾಂಸಖಂಡ ಸುಮ್ಮನೆ ಕೂರುವ ಸರಕಲ್ಲ. ಒಂದು ಕಿಲೋ ಮಾಂಸಖಂಡ ಮನುಷ್ಯ ಮಲಗಿದ್ದಾಗಲೂ ದಿನಕ್ಕೆ ಸುಮಾರು 13 ಕ್ಯಾಲೊರಿ ಸುಡುತ್ತದೆ. ಒಂದು ಕಿಲೋ ಕೊಬ್ಬು ಸುಡುವುದು ನಾಲ್ಕೈದು ಕ್ಯಾಲೊರಿ ಮಾತ್ರ. ವೈದ್ಯರು ಬಳಸುವ ಒಂದು ಪ್ರಸಿದ್ಧ ಸೂತ್ರದ ಪ್ರಕಾರ, ಒಂದೇ ವಯಸ್ಸು, ಒಂದೇ ಎತ್ತರ, ಒಂದೇ ತೂಕದ ಗಂಡು ಹೆಣ್ಣು ಇಬ್ಬರೂ ಇಡೀ ದಿನ ಹಾಸಿಗೆಯಲ್ಲಿ ಮಲಗಿದ್ದರೂ ಗಂಡಸಿನ ಮೈ 166 ಕ್ಯಾಲೊರಿ ಹೆಚ್ಚು ಖರ್ಚು ಮಾಡುತ್ತದೆ. ನಮ್ಮ ಲೆಕ್ಕಕ್ಕೆ ಇಳಿಸುವುದಾದರೆ, 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ ಇದೆ. ಅಂದರೆ 100 ಗ್ರಾಂ ಹಿಟ್ಟಿನ ಮುದ್ದೆಯಲ್ಲಿ ಅರ್ಧದಷ್ಟು ಗಂಡಸಿಗೆ ಮಲಗಿದ್ದಲ್ಲೇ ಕರಗಿತು. ಸಾಮಾನ್ಯವಾಗಿ ಹೆಂಡತಿಯ ಎತ್ತರ ತೂಕ ಎರಡೂ ಗಂಡನಿಗಿಂತ ಕಡಿಮೆ ಇರುವುದರಿಂದ ನಿಜವಾದ ಅಂತರ ಇದಕ್ಕಿಂತ ದೊಡ್ಡದೇ.

ತಟ್ಟೆಯ ಲೆಕ್ಕ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಾಗೂ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ 65 ಕಿಲೋ ತೂಕದ ಗಂಡಸನ್ನೂ 55 ಕಿಲೋ ತೂಕದ ಹೆಂಗಸನ್ನೂ ಮಾದರಿಯಾಗಿ ಇಟ್ಟುಕೊಳ್ಳಲಾಗಿದೆ. ಅದರಂತೆ ಮಧ್ಯಮ ದುಡಿಮೆಯ ಗಂಡಸಿಗೆ ದಿನಕ್ಕೆ 2710 ಕ್ಯಾಲೊರಿ ಬೇಕು, ಅಂಥದೇ ದುಡಿಮೆಯ ಹೆಂಗಸಿಗೆ 2130 ಸಾಕು. ಕುಳಿತು ಕೆಲಸ ಮಾಡುವವರಾದರೆ ಗಂಡಸಿಗೆ 2110, ಹೆಂಗಸಿಗೆ 1660.

ಈಗ ಗಂಡಹೆಂಡತಿ ಒಂದೇ ಪಥ್ಯ ಹಿಡಿದರು ಎಂದಿಟ್ಟುಕೊಳ್ಳಿ. ಗಂಡ ತನ್ನ ಊಟದಲ್ಲಿ ಕಾಲು ಭಾಗ ಕಡಿಮೆ ಮಾಡಿ ಸುಮಾರು 2030 ಕ್ಯಾಲೊರಿಗೆ ಬಂದ. “ನೀವು ಉಂಡಷ್ಟೇ ನಾನೂ ಉಣ್ಣುತ್ತೇನೆ” ಎಂದು ಹೆಂಡತಿಯೂ ಅಷ್ಟನ್ನೇ ಬಡಿಸಿಕೊಂಡಳು. ಗಂಡನಿಗೆ ದಿನಕ್ಕೆ 680 ಕ್ಯಾಲೊರಿ ಕೊರತೆ ಬಿತ್ತು. ಹೆಂಡತಿಗೆ ಬಿದ್ದ ಕೊರತೆ 100 ಮಾತ್ರ. ಒಂದು ಕಿಲೋ ಮೈಕೊಬ್ಬು ಕರಗಲು ಸುಮಾರು 7700 ಕ್ಯಾಲೊರಿ ಕೊರತೆಯಾಗಬೇಕು. ಕಾಗದದ ಲೆಕ್ಕದಲ್ಲಿ ತಿಂಗಳಿಗೆ ಗಂಡ ಎರಡೂವರೆ ಕಿಲೋಗೂ ಹೆಚ್ಚು ಇಳಿದರೆ, ಹೆಂಡತಿ 400 ಗ್ರಾಂ ಇಳಿಯುತ್ತಾಳೆ. ಆಕೆ ಮನೆಯೊಳಗಿನ ಹಗುರ ಕೆಲಸದವಳಾಗಿದ್ದರೆ ಇದೇ ತಟ್ಟೆಯಲ್ಲಿ ತೂಕ ಏರುವುದೂ ಉಂಟು. ಇದರಲ್ಲಿ ಕದ್ದು ತಿಂದದ್ದು ಎಲ್ಲಿ ಬಂತು? ಇಬ್ಬರೂ ತಮ್ಮ ತಮ್ಮ ಅಗತ್ಯದಲ್ಲಿ ಕಾಲು ಭಾಗ ಕಡಿಮೆ ಮಾಡಿದರು ಎಂದುಕೊಂಡರೂ, ಎರಡು ತಿಂಗಳಿಗೆ ಗಂಡ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚೇ ಮುಂದಿರುತ್ತಾನೆ. ಕೊರತೆ ಬಿದ್ದಂತೆ ಮೈ ತನ್ನ ಖರ್ಚನ್ನು ಬಿಗಿಹಿಡಿಯುವುದರಿಂದ ನಿಜವಾದ ಇಳಿಕೆ ಇಬ್ಬರಲ್ಲೂ ಕಾಗದದ ಲೆಕ್ಕಕ್ಕಿಂತ ನಿಧಾನವೇ.

ಇದನ್ನು ಅಳತೆ ಮಾಡಿಯೂ ನೋಡಿದ್ದಾರೆ. ಯುರೋಪಿನ ಹಲವು ದೇಶಗಳು, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಸೇರಿ ನಡೆಸಿದ ‘ಪ್ರಿವ್ಯೂ’ ಎಂಬ ಅಧ್ಯಯನದಲ್ಲಿ, ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 2000ಕ್ಕೂ ಹೆಚ್ಚು ಸ್ಥೂಲಕಾಯರಿಗೆ ವೈದ್ಯರ ಉಸ್ತುವಾರಿಯಲ್ಲಿ 8 ವಾರ ದಿನಕ್ಕೆ ಸುಮಾರು 800 ಕ್ಯಾಲೊರಿಯ ಕಠಿಣ ಪಥ್ಯ ಕೊಟ್ಟರು. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ ಗಂಡಸರು ತಮ್ಮ ತೂಕದ ಸುಮಾರು ಶೇಕಡಾ 12ರಷ್ಟನ್ನೂ ಹೆಂಗಸರು ಸುಮಾರು ಶೇಕಡಾ 10ರಷ್ಟನ್ನೂ ಕಳೆದುಕೊಂಡರು. ಅಷ್ಟೇ ಅಲ್ಲದೆ, ಹೆಂಗಸರಲ್ಲಿ ಕೊಬ್ಬಿನ ಜೊತೆಗೆ ಮಾಂಸಖಂಡದ ಪಾಲು ಹೆಚ್ಚು ಕರಗಿತ್ತು, ಮೂಳೆಯ ಸತ್ವವೂ ಕುಗ್ಗಿತ್ತು. (ಇಂಥ ಪಥ್ಯವನ್ನು ಮನೆಯಲ್ಲಿ ಯಾರೂ ತಾವಾಗಿ ಮಾಡತಕ್ಕದ್ದಲ್ಲ.)

ಕೊನೆಯ ಈ ಅಂಶವನ್ನು ಸದಸ್ಯರು ಮುಖ್ಯವಾಗಿ ಗಮನಿಸಬೇಕು. ಕಟಾವಾದ ಕಬ್ಬು ಗದ್ದೆಯಲ್ಲೇ ಬಿದ್ದಿದ್ದರೆ ದಿನೇ ದಿನೇ ತೂಕ ಇಳಿಯುತ್ತದೆ. ಅದನ್ನು ನಾವು ನಷ್ಟವೆಂದೇ ಕರೆಯುತ್ತೇವೆ. ಇಳಿದದ್ದು ಏನು ಎಂಬುದೇ ಪ್ರಶ್ನೆ. ಪಥ್ಯದ ಮೊದಲ ವಾರದಲ್ಲಿ ಸರ್ರನೆ ಇಳಿಯುವ ಎರಡು ಕಿಲೋದಲ್ಲಿ ಹೆಚ್ಚಿನದು ನೀರು. ಊಟ ಬಿಟ್ಟು ಇಳಿಸಿದ ತೂಕದಲ್ಲಿ ಮಾಂಸಖಂಡವೂ ಸೇರಿರುತ್ತದೆ. ಮಾಂಸಖಂಡ ಕರಗಿದರೆ ಮೈಯ ದೈನಂದಿನ ಖರ್ಚು ಇನ್ನೂ ತಗ್ಗಿ, ಮೊದಲಿನ ಊಟಕ್ಕೆ ಮರಳಿದ ಕೂಡಲೇ ತೂಕ ಹಿಂದಿಗಿಂತ ಬೇಗ ಏರುತ್ತದೆ.

ಕೊಬ್ಬು ಕೂರುವ ಜಾಗ

ಗಂಡಸರಿಗೆ ಕೊಬ್ಬು ಹೊಟ್ಟೆಯೊಳಗೆ, ಕರುಳಿನ ಸುತ್ತ ಕೂರುತ್ತದೆ. ಹೆಂಗಸರಿಗೆ ಮುಟ್ಟು ನಿಲ್ಲುವವರೆಗೆ ಹೆಚ್ಚಾಗಿ ಸೊಂಟದ ಕೆಳಗೆ, ತೊಡೆಯಲ್ಲಿ ಕೂರುತ್ತದೆ. ಹೊಟ್ಟೆಯ ಕೊಬ್ಬು ಚಾಲ್ತಿ ಖಾತೆಯ ಹಣದಂತೆ, ಬೇಗ ಬರುತ್ತದೆ ಬೇಗ ಹೋಗುತ್ತದೆ. ತೊಡೆಯ ಕೊಬ್ಬು ನಿಶ್ಚಿತ ಠೇವಣಿ. ನಡೆದರೂ ಬೆವರಿದರೂ ಸುಲಭವಾಗಿ ಜಗ್ಗುವುದಿಲ್ಲ. ಆದುದರಿಂದಲೇ ಗಂಡಸು ಮೂರು ಕಿಲೋ ಇಳಿದರೆ ಊರಿಗೇ ಕಾಣುತ್ತದೆ, ಹೆಂಗಸು ಮೂರು ಕಿಲೋ ಇಳಿದರೆ ಮನೆಯವರಿಗೂ ಕಾಣುವುದಿಲ್ಲ. ಆದರೆ ಹೃದಯಕ್ಕೂ ಸಕ್ಕರೆ ಕಾಯಿಲೆಗೂ ಹೆಚ್ಚು ಕೇಡು ಮಾಡುವುದು ಹೊಟ್ಟೆಯ ಕೊಬ್ಬೇ. ಬೇಗ ಇಳಿಯುತ್ತದೆಂದು ಗಂಡಸರು ಬೀಗುವಂತಿಲ್ಲ, ಅವರ ಅಪಾಯವೂ ಅಲ್ಲೇ ಇದೆ.

ದರ್ಜಿಯ ಟೇಪು ಸಾಕು. ಪಕ್ಕೆಲುಬಿನ ಕೆಳ ಅಂಚು ಮತ್ತು ಸೊಂಟದ ಮೂಳೆಯ ನಡುಮಧ್ಯದಲ್ಲಿ, ಉಸಿರು ಬಿಟ್ಟು ಅಳೆಯಬೇಕು. ಭಾರತೀಯರಿಗೆ ವೈದ್ಯರು ಹಾಕಿರುವ ಗೆರೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್. ಪಂಚೆ, ಸೀರೆಯ ಮೇಲೆ ಅಳೆದರೆ ಲೆಕ್ಕ ತಪ್ಪುತ್ತದೆ.

ಹೆಂಗಸಿನ ಜೀವನದ ಹಂಗಾಮುಗಳು

ಗಂಡಸಿನ ತೂಕ ಒಂದೇ ದಿಕ್ಕಿನಲ್ಲಿ ಸಾಗುತ್ತದೆ. ಹೆಂಗಸಿನದು ಹಂಗಾಮಿಗೆ ತಕ್ಕಂತೆ ಏರಿಳಿಯುತ್ತದೆ. ತಿಂಗಳ ಮುಟ್ಟಿಗೆ ಮುಂಚಿನ ಕೆಲವು ದಿನ ಮೈಯಲ್ಲಿ ನೀರು ನಿಂತು ಒಂದು ಕಿಲೋ, ಕೆಲವರಿಗೆ ಅದಕ್ಕೂ ಹೆಚ್ಚು, ತೂಕ ಕಾಣಿಸುತ್ತದೆ. ಆ ದಿನ ತೂಕ ನೋಡಿ “ಇಷ್ಟು ಕಷ್ಟಪಟ್ಟರೂ ಏರಿತಲ್ಲ” ಎಂದು ಪಥ್ಯ ಬಿಟ್ಟವರು ಎಷ್ಟೋ ಮಂದಿ. ಗಂಡಸು ವಾರಕ್ಕೊಮ್ಮೆ ತೂಕ ನೋಡಿಕೊಳ್ಳಬಹುದು. ಮುಟ್ಟಾಗುವ ಹೆಂಗಸು ತಿಂಗಳಿಗೊಮ್ಮೆ, ಮುಟ್ಟು ಮುಗಿದ ಮೇಲೆ ಅದೇ ಸಮಯಕ್ಕೆ ನೋಡಿಕೊಳ್ಳುವುದು ಸರಿ.

ಬಸುರಿಯಲ್ಲಿ ಮತ್ತು ಮೊಲೆಯೂಡಿಸುವಾಗ ತೂಕ ಇಳಿಸುವ ಪಥ್ಯ ಸಲ್ಲದು. ಮೊದಲ ಆರು ತಿಂಗಳು ಹಾಲೂಡಿಸುವ ತಾಯಿಗೆ ದಿನಕ್ಕೆ 600 ಕ್ಯಾಲೊರಿ ಹೆಚ್ಚು ಬೇಕು. ಹಾಗೆಂದು ಬಾಣಂತನದ ತುಪ್ಪ, ಉಂಡೆಗಳನ್ನು ಕೂಸು ಹಾಲು ಬಿಟ್ಟ ಮೇಲೂ ಮುಂದುವರಿಸಿದರೆ ಆ ತೂಕ ಮೈಗೆ ಅಂಟಿಕೊಳ್ಳುತ್ತದೆ. ಎರಡು ಮೂರು ಹೆರಿಗೆಗಳಲ್ಲಿ ಹೀಗೆ ಕೂಡಿದ ತೂಕವನ್ನು ಜನ ಬೇರೊಂದರ ಮೇಲೆ ಹಾಕುತ್ತಾರೆ.

ಅದೆಂದರೆ ಕುಟುಂಬ ಯೋಜನೆಯ ಆಪರೇಷನ್. “ಆಪರೇಷನ್ ಆದ ಮೇಲೆ ಮೈ ಬಂತು” ಎಂಬ ಮಾತು ನಮ್ಮ ಕಡೆ ಸರ್ವೇಸಾಮಾನ್ಯ. ಈ ಶಸ್ತ್ರಚಿಕಿತ್ಸೆಯಲ್ಲಿ ಕಟ್ಟುವುದು ಅಂಡನಾಳವನ್ನು ಮಾತ್ರ. ಅಂಡಾಶಯಕ್ಕೆ ಕೈ ಹಾಕುವುದಿಲ್ಲ, ಅದು ಸ್ರವಿಸುವ ಹಾರ್ಮೋನುಗಳು ಮೊದಲಿನಂತೆಯೇ ಇರುತ್ತವೆ. ಆದ್ದರಿಂದ ತೂಕ ಏರಲು ಅದು ಕಾರಣವಲ್ಲ. ಕಡೆಯ ಹೆರಿಗೆಯ ಹಿಂದೆಯೇ ಆಪರೇಷನ್ ನಡೆಯುವುದರಿಂದ ಬಾಣಂತನದ ತೂಕದ ಅಪವಾದ ಅದರ ತಲೆಗೆ ಬರುತ್ತದೆ. “ಇನ್ನೇನು ಮಾಡಿದರೂ ಇಳಿಯುವುದಿಲ್ಲ” ಎಂದು ಮೂವತ್ತರ ವಯಸ್ಸಿನ ಹೆಣ್ಣುಮಗಳು ಕೈಚೆಲ್ಲಿ ಕೂರುವುದಕ್ಕೆ ಈ ತಪ್ಪು ನಂಬಿಕೆಯೇ ಸಾಕು. ಗರ್ಭಕೋಶದ ಜೊತೆಗೆ ಎರಡೂ ಅಂಡಾಶಯ ತೆಗೆಸಿಕೊಂಡವರ ಸಂಗತಿ ಬೇರೆ. ಅವರಿಗೆ ಮುಟ್ಟು ನಿಲ್ಲುವ ಕಾಲ ಒಮ್ಮೆಗೇ ಬಂದಂತಾಗುತ್ತದೆ.

ಮುಟ್ಟು ನಿಂತ ಮೇಲೆ ಹೆಂಗಸರ ಕೊಬ್ಬೂ ತೊಡೆ ಬಿಟ್ಟು ಹೊಟ್ಟೆಗೆ ಬರತೊಡಗುತ್ತದೆ. ಅಲ್ಲಿಯವರೆಗೆ ಹೃದ್ರೋಗದಿಂದ ಇದ್ದ ಕೊಂಚ ರಕ್ಷಣೆಯೂ ತಗ್ಗುತ್ತದೆ. ಥೈರಾಯ್ಡ್ ಗ್ರಂಥಿ ಮಂದವಾಗುವ ಕಾಯಿಲೆಯೂ ಗಂಡಸರಿಗಿಂತ ಹೆಂಗಸರಲ್ಲಿ ಹಲವು ಪಟ್ಟು ಹೆಚ್ಚು. ಪಥ್ಯ ಸರಿಯಾಗಿದ್ದೂ ತೂಕ ಏರುತ್ತಿದ್ದರೆ, ಸುಸ್ತು, ಮಲಬದ್ಧತೆ, ಚಳಿ ತಡೆಯಲಾರದಿರುವುದು ಜೊತೆಗಿದ್ದರೆ, ಒಮ್ಮೆ ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು.

ಬಿಡಲು ಏನಿದೆ?

ಅನೇಕ ಗಂಡಸರಿಗೆ ಬಿಡಲು ಒಂದು ದೊಡ್ಡ ಬಾಬತ್ತು ಇದೆ. 180 ಮಿಲಿಲೀಟರ್‌ನ ಒಂದು ಕ್ವಾರ್ಟರ್ ಮದ್ಯದಲ್ಲಿ 400ಕ್ಕೂ ಹೆಚ್ಚು ಕ್ಯಾಲೊರಿ ಇದೆ, ಜೊತೆಗೆ ತಿನ್ನುವ ಕರಿದ ಪದಾರ್ಥ ಬೇರೆ. ದಿನವೂ ಕುಡಿಯುವವನು ಅದನ್ನು ಬಿಟ್ಟರೆ ಊಟ ಮುಟ್ಟದೆಯೇ ತೂಕ ಇಳಿಯುತ್ತದೆ. (ಬಹಳ ವರ್ಷಗಳ ಚಟವಾದರೆ ಒಮ್ಮೆಗೇ ನಿಲ್ಲಿಸುವ ಮೊದಲು ವೈದ್ಯರನ್ನು ಕೇಳಬೇಕು.) ನಮ್ಮ ಹೆಂಗಸರಲ್ಲಿ ಬಹುಮಂದಿಗೆ ಹಾಗೆ ಬಿಡಲು ಏನೂ ಇಲ್ಲ. ಅವರು ಕಡಿಮೆ ಮಾಡಬೇಕಾದದ್ದು ಊಟವನ್ನೇ, ಆ ಊಟವೋ ಮೊದಲೇ ಬಡವಾಗಿರುತ್ತದೆ. ಎಲ್ಲರೂ ಉಂಡ ಮೇಲೆ ಸಾರಿನ ತಳ, ಮಿಕ್ಕ ಅನ್ನ, ಎಸೆಯಲಾರದೆ ತಿಂದ ಮಕ್ಕಳ ತಟ್ಟೆಯ ಉಳಿಕೆ. ಹೊಟ್ಟೆ ತುಂಬುತ್ತದೆ, ಬೇಳೆ ತರಕಾರಿ ಮಾತ್ರ ಅಷ್ಟರಲ್ಲಿ ಮುಗಿದಿರುತ್ತದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಇದನ್ನೇ ಅಂಕಿಗಳಲ್ಲಿ ಹೇಳುತ್ತದೆ. ತಮಿಳುನಾಡಿನಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 40.4 ಮಂದಿ ಅತಿತೂಕದವರು, ಗಂಡಸರಲ್ಲಿ ಶೇಕಡಾ 37. ಅದೇ ವಯಸ್ಸಿನವರಲ್ಲಿ ರಕ್ತಹೀನತೆ ದೇಶದ ಹೆಂಗಸರಲ್ಲಿ ಶೇಕಡಾ 57, ಗಂಡಸರಲ್ಲಿ ಶೇಕಡಾ 25. ದಪ್ಪಗಿರುವ ಹೆಂಗಸು ಚೆನ್ನಾಗಿ ಉಂಡವಳೆಂದು ತಿಳಿಯುವಂತಿಲ್ಲ. ಮೈ ತುಂಬಾ ಇದ್ದು ರಕ್ತ ಕಡಿಮೆ ಇರುವುದು ಸಾಧ್ಯ. ಅಂಥವರು ಊಟ ಬಿಟ್ಟರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ.

ಆದುದರಿಂದ ಹೆಂಗಸರ ಪಥ್ಯದಲ್ಲಿ ಕಡಿಮೆ ಮಾಡುವುದಕ್ಕಿಂತ ಬದಲಾಯಿಸುವುದು ಮುಖ್ಯ. ಮುದ್ದೆ ಅನ್ನಗಳ ಗಾತ್ರ ತಗ್ಗಲಿ, ಹುರುಳಿ, ಅವರೆ, ಸೊಪ್ಪು, ಮೊಟ್ಟೆ, ಮಜ್ಜಿಗೆ ಏರಲಿ. 55 ಕಿಲೋ ಹೆಂಗಸಿಗೆ ದಿನಕ್ಕೆ ಸುಮಾರು 46 ಗ್ರಾಂ ಪ್ರೋಟೀನು ಬೇಕು. 100 ಗ್ರಾಂ ಹುರುಳಿಕಾಳಿನಲ್ಲಿ 20 ಗ್ರಾಂಗೂ ಮೇಲೆ ಸಿಗುತ್ತದೆ. ಮುದ್ದೆ ತಿಂದರೆ ತೂಕ ಇಳಿಯುತ್ತದೆ ಎಂಬ ಪಟ್ಟಣದವರ ಮಾತನ್ನು ಪೂರ್ತಿ ನಂಬಬೇಡಿ. ರಾಗಿಯಲ್ಲಿ ನಾರು, ಸುಣ್ಣದ ಅಂಶ ಅಕ್ಕಿಗಿಂತ ಹೆಚ್ಚು ನಿಜ, ಕ್ಯಾಲೊರಿ ಮಾತ್ರ ಹೆಚ್ಚುಕಡಿಮೆ ಅಷ್ಟೇ. ಸಕ್ಕರೆ ಕಾರ್ಖಾನೆಯ ಪತ್ರಿಕೆಯಲ್ಲಿ ಬರೆಯಲು ಸ್ವಲ್ಪ ಸಂಕೋಚವೇ, ಆದರೂ ಹೇಳಬೇಕು: ಒಂದು ಚಮಚ ಸಕ್ಕರೆಗೆ 20 ಕ್ಯಾಲೊರಿ, ದಿನಕ್ಕೆ ಐದು ಲೋಟ ಕಾಫಿಗೆ ಎರಡೆರಡು ಚಮಚವಾದರೆ 200. ಬೆಲ್ಲವೂ ತೂಕಕ್ಕೆ ತೂಕ ಹೆಚ್ಚುಕಡಿಮೆ ಅಷ್ಟೇ.

ದುಡಿಮೆಯ ಮಾತೂ ಇದೆ. ಬೀಸುವ ಕಲ್ಲು, ಒರಳುಕಲ್ಲುಗಳ ಕಾಲ ಹೋಯಿತು. 2011ರಲ್ಲಿ ತಮಿಳುನಾಡು ಸರ್ಕಾರ ಮಿಕ್ಸಿ, ಗ್ರೈಂಡರುಗಳನ್ನು ಉಚಿತವಾಗಿ ಹಂಚಿದ್ದು ನೆನಪಿರಬಹುದು. ಆ ಕಷ್ಟ ಮತ್ತೆ ಬರಲೆಂದು ಯಾರೂ ಹಾರೈಸುವುದಿಲ್ಲ. ಆದರೆ ಗಂಡಸು ಬೆಳಿಗ್ಗೆ ತೋಟದ ಸುತ್ತ, ಹೆದ್ದಾರಿಯ ಬದಿ ಒಂದು ಗಂಟೆ ನಡೆದು ಬರಬಲ್ಲ. ಹೆಂಗಸು ಹಾಗೆ ಹೊರಟರೆ “ಎಲ್ಲಿಗಮ್ಮಾ?” ಎಂದು ಹತ್ತು ಮಂದಿ ಕೇಳುತ್ತಾರೆ, ಒಲೆಯೂ ಕಾಯುತ್ತಿರುತ್ತದೆ. ನಾಲ್ಕು ಹೆಂಗಸರು ಒಟ್ಟಾಗಿ ಹೊರಟರೆ ಯಾರೂ ಕೇಳುವುದಿಲ್ಲ. ಸ್ವಸಹಾಯ ಗುಂಪಿನವರು ಇದನ್ನು ಸುಲಭವಾಗಿ ಏರ್ಪಡಿಸಬಹುದು. ಆ ಅರ್ಧ ಗಂಟೆ ಒಲೆ ನೋಡಿಕೊಳ್ಳುವುದು ಗಂಡಸರಿಗೆ ಬಿಟ್ಟದ್ದು.

ಕಿಲೋ ಅಲ್ಲ, ಶೇಕಡಾ

ಇಬ್ಬರ ಸಾಧನೆಯನ್ನು ಕಿಲೋದಲ್ಲಿ ಹೋಲಿಸುವುದೇ ತಪ್ಪು. 80 ಕಿಲೋ ಗಂಡ 4 ಕಿಲೋ ಇಳಿದರೂ 60 ಕಿಲೋ ಹೆಂಡತಿ 3 ಕಿಲೋ ಇಳಿದರೂ ಎರಡೂ ಶೇಕಡಾ 5. ಅಷ್ಟು ಇಳಿದರೆ ರಕ್ತದೊತ್ತಡ, ಸಕ್ಕರೆ ಎರಡರಲ್ಲೂ ಗುಣ ಕಾಣುತ್ತದೆ.

ತಕ್ಕಡಿ ಅಲುಗದಿದ್ದರೂ ಪಥ್ಯ ವ್ಯರ್ಥವಲ್ಲವೆಂದು ತೋರಿಸಿದ ಅಧ್ಯಯನ ನಮ್ಮ ಚೆನ್ನೈಯಲ್ಲೇ ನಡೆದಿದೆ. ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 531 ಮಂದಿಯನ್ನು ಸುಮಾರು ಮೂರು ವರ್ಷ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಊಟ ಬದಲಾಯಿಸಿ ನಡಿಗೆ ಹಿಡಿದವರಲ್ಲಿ ಕಾಯಿಲೆಗೆ ತಿರುಗುವ ಸಂಭವ ಶೇಕಡಾ 28.5ರಷ್ಟು ತಗ್ಗಿತು. ವಿಶೇಷವೆಂದರೆ ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ! ಅದರಲ್ಲಿ ಹೆಂಗಸರು 110 ಮಂದಿ ಮಾತ್ರ ಇದ್ದರೆಂಬುದು ಒಂದು ಕೊರತೆ.

ಪೇಟೆಯಲ್ಲಿ ಈಗ ತೂಕ ಇಳಿಸುವ ಸೂಜಿಮದ್ದಿನ ಮಾತು ಕೇಳಿಬರುತ್ತಿದೆ. 2025ರಲ್ಲಿ ಇವು ತೂಕ ಇಳಿಸಲೆಂದೇ ಭಾರತದ ಮಾರುಕಟ್ಟೆಗೆ ಬಂದವು. ಈ ಮದ್ದಿನಲ್ಲಿ ಲೆಕ್ಕ ತಿರುಗುಮುರುಗು, ಹೆಂಗಸರಿಗೇ ಹೆಚ್ಚು ಇಳಿಯುವುದು ಕಂಡುಬಂದಿದೆ. ವೈದ್ಯರ ಚೀಟಿಯಿಲ್ಲದೆ ಮುಟ್ಟಬಾರದು, ಬಸುರಿಯರಿಗೂ ಬಸಿರು ಬಯಸುವವರಿಗೂ ಸಲ್ಲದು.

ತಾನಾಗಿ ಇಳಿದರೆ

ಪಥ್ಯವಿಲ್ಲದೆ ಇಳಿಯುವ ತೂಕದ ವಿಷಯದಲ್ಲಿ ಗಂಡಸರೇ ಹೆಚ್ಚು ಎಚ್ಚರ ತಪ್ಪುತ್ತಾರೆ. “ಕಟಾವಿನ ಓಡಾಟ, ಅದಕ್ಕೇ ಇಳಿದಿದ್ದೇನೆ” ಎಂದು ತಳ್ಳಿಹಾಕುತ್ತಾರೆ. ಆರು ತಿಂಗಳಿಂದ ಒಂದು ವರ್ಷದೊಳಗೆ, ಪ್ರಯತ್ನವಿಲ್ಲದೆ, ತೂಕದ ಶೇಕಡಾ 5ರಷ್ಟು, ಅಂದರೆ 60 ಕಿಲೋ ಇರುವವರಿಗೆ 3 ಕಿಲೋ ಇಳಿದರೆ ಪರೀಕ್ಷೆ ಮಾಡಿಸಲೇಬೇಕು. ಬಾಯಾರಿಕೆ, ಪದೇ ಪದೇ ಮೂತ್ರ ಜೊತೆಗಿದ್ದರೆ ಸಕ್ಕರೆ ಕಾಯಿಲೆ ಇರಬಹುದು. ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು ಇದ್ದರೆ ಕ್ಷಯ ಇರಬಹುದು. ನಮ್ಮ ದೇಶದಲ್ಲಿ ಕ್ಷಯ ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚು. ಹೆಂಗಸರಲ್ಲಿ ಬೇರೆ ತೊಡಕು: ಇಳಿದದ್ದನ್ನು “ಸಣ್ಣಗಾದಳು, ಒಳ್ಳೆಯದೇ ಆಯಿತು” ಎಂದು ಸುತ್ತಲಿನವರು ಹೊಗಳಿಬಿಡುತ್ತಾರೆ. ಕಫ ಪರೀಕ್ಷೆ, ಔಷಧಿ ಎರಡೂ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಚಿಕಿತ್ಸೆ ಮುಗಿಯುವವರೆಗೆ ರೋಗಿಯ ಪೌಷ್ಟಿಕ ಆಹಾರಕ್ಕೆಂದು ಕೇಂದ್ರ ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದು, 2024ರ ನವೆಂಬರ್‌ನಿಂದ ಅದು 1000 ರೂಪಾಯಿಗೆ ಏರಿದೆ. ಹಣ ನೇರವಾಗಿ ರೋಗಿಯ ಬ್ಯಾಂಕ್ ಖಾತೆಗೆ ಬರುವುದರಿಂದ, ಹೆಸರು ನೋಂದಾಯಿಸುವಾಗ ಪಾಸ್‌ಬುಕ್ಕಿನ ನಕಲನ್ನು ಜೊತೆಗೆ ಒಯ್ಯಬೇಕು.